ಆಳಂದದ ಗೂಗಿ ಅಮೆರಿಕದ ಹೋಟೆಲಿನಲ್ಲಿ

(ಕಲಬುರಗಿಯ ಕಾಲೇಜೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅವತ್ತು ಹೊತ್ತಾಗಿದ್ದರಿಂದ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಹೋಟೆಲಿನ ಕೋಣೆಯಿಂದ ಶುರು ಮಾಡುತ್ತೇನೆ. ಅಮೆರಿಕದ ದಕ್ಷಿಣ ಭಾಗದ ಒಂದು ಊರು. ಮಾರ್ಚ್ ತಿಂಗಳು, ಶುಕ್ರವಾರ ಬೆಳಿಗ್ಗೆ ಎಂಟೂವರೆ. ಹಿಂದಿನ ರಾತ್ರಿ ಅಲ್ಲಿ ಯಾರದೋ ಹುಟ್ಟುಹಬ್ಬ ನಡೆದಿರಬೇಕು, ಮೂಲೆಯಲ್ಲಿ ಒಂದು ಬಲೂನು ಇನ್ನೂ ಹಾಗೇ ಇತ್ತು. ಮುಂದೆ ಉದ್ದನೆಯ ಮೇಜು, ಬಿಳಿ ಬಟ್ಟೆ, ನೀರಿನ ಜಗ್ಗು. ಎದುರಿಗೆ ನಲವತ್ತು ಕುರ್ಚಿ. ಕೂತಿದ್ದವರು ಹನ್ನೊಂದು ಜನ. ಮೇಜಿನ ಹಿಂದೆ ನಾವು ಐದು ಜನ: ಪ್ರಬಂಧ ಓದುವವರು ಮೂವರು, ಅಧ್ಯಕ್ಷೆ ಒಬ್ಬರು, ನಮ್ಮ ಪ್ರಬಂಧಗಳನ್ನು ಮೊದಲೇ ಓದಿಕೊಂಡು ಬಂದು ಅದರ ಬಗ್ಗೆ ಮಾತಾಡುವವರು ಒಬ್ಬರು. ಅಧ್ಯಕ್ಷೆಯ ಕೈಯಲ್ಲಿ ಎರಡು ಚೀಟಿ. ಒಂದರಲ್ಲಿ 5 ಅಂತ ಬರೆದಿತ್ತು, ಇನ್ನೊಂದರಲ್ಲಿ 1. ತಲಾ 20 ನಿಮಿಷ. ಚೀಟಿ ಎತ್ತಿದರೆ ಮಾತು ಮುಗಿಸಬೇಕು.

ನನ್ನ ಪ್ರಬಂಧ ಅಫನಾಸಿ ನಿಕಿತಿನ್ ಬಗ್ಗೆ. ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ. 1470ರ ಆಸುಪಾಸಿನಲ್ಲಿ ಬೀದರ್‌ಗೆ ಬಂದಿದ್ದವನು. ಕಲಬುರಗಿ, ರಾಯಚೂರುಗಳ ಹೆಸರೂ ಅವನ ಬರಹದಲ್ಲಿ ಬರುತ್ತವೆ. ನಿಮಗೆಲ್ಲ ಗೊತ್ತಿರುವ ಹೆಸರು. ಆದರೆ ನಾನು ಓದಿದ್ದು ಬೀದರ್ ಬಗ್ಗೆ ಅಲ್ಲ, ಆಳಂದದ ಬಗ್ಗೆ. ಶೇಖ್ ಅಲಾವುದ್ದೀನರ ನೆನಪಿನಲ್ಲಿ ಅಲ್ಲಿ ಹತ್ತು ದಿನ ದೊಡ್ಡ ಸಂತೆ ಸೇರುತ್ತದೆ, 20,000 ಕುದುರೆ ಮಾರಾಟಕ್ಕೆ ಬರುತ್ತವೆ ಅಂತ ಅವನು ಬರೆಯುತ್ತಾನೆ. ಆ ಸಂತೆ ಯಾವಾಗ ಅನ್ನುವುದನ್ನು ತನ್ನೂರಿನ ಹಬ್ಬದ ಲೆಕ್ಕದಲ್ಲಿ ಹೇಳುತ್ತಾನೆ: ದೇವಮಾತೆಯ ಪೊಕ್ರೋವ್ ಹಬ್ಬದ ಹೊತ್ತಿಗೆ ಅಂತ. ಅದಾದ ಮೇಲೆ ಒಂದು ವಾಕ್ಯ ಬರುತ್ತದೆ. ಆಳಂದದಲ್ಲಿ ಒಂದು ಹಕ್ಕಿ ಇದೆ, ಅದರ ಹೆಸರು ಗುಕುಕ್. ರಾತ್ರಿ ಹಾರುತ್ತದೆ, ಕುಕ್ ಕುಕ್ ಅನ್ನುತ್ತದೆ. ಅದು ಯಾರ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಒಬ್ಬರು ಸಾಯುತ್ತಾರೆ. ಅದನ್ನು ಕೊಲ್ಲಲು ಹೋದರೆ ಅದರ ಬಾಯಿಂದ ಬೆಂಕಿ ಬರುತ್ತದೆ.

ನನ್ನ ಪ್ರಬಂಧ ಓದಿದ್ದವರು ವಯಸ್ಸಾದ ಪ್ರೊಫೆಸರು. ಅವರು ಕನ್ನಡಕ ತೆಗೆದು ಕೇಳಿದರು: "ನೀವು ಆ ಕಡೆಯವರು ಅಂತ ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಆ ಹಕ್ಕಿಗೆ ಏನಂತಾರೆ?"

ಗೂಗಿ ಅಂತೀವಿ, ಅಂದೆ.

ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, ಪಿಎಚ್‌ಡಿ ಮಾಡುತ್ತಿದ್ದವಳು, "ಇನ್ನೊಮ್ಮೆ ಹೇಳಿ" ಅಂದಳು. ಇನ್ನೊಮ್ಮೆ ಹೇಳಿದೆ. ನಮ್ಮಜ್ಜಿ "ಗೂಗಿ ಮನಿ ಮ್ಯಾಲ ಕುಂತ್ರ ಛಲೋ ಅಲ್ಲ" ಅಂತ ಹೇಳುತ್ತಿದ್ದದ್ದನ್ನೂ ಹೇಳಿದೆ. ಎಲ್ಲರೂ ಪೆನ್ನು ತೆಗೆದು ಬರೆದುಕೊಂಡರು. ಗುಕುಕ್ ಅನ್ನುವುದು ನಮ್ಮ ಗೂಗೆಯೇ ಅಂತ ನಾನು ಸಾಧಿಸಿ ತೋರಿಸಲಿಲ್ಲ. ಅದು ನನ್ನ ಊಹೆ, ಅಷ್ಟೇ. ಗೂಬೆ ಜಾತಿಯ ಹಕ್ಕಿಗಳಿಗೆ ಅದರ ಕೂಗಿನ ಹೆಸರನ್ನೇ ಇಡುವ ಭಾಷೆಗಳು ಬೇಕಾದಷ್ಟಿವೆ. ಆದರೂ ಐದುನೂರು ವರ್ಷದ ಹಿಂದೆ ನಮ್ಮ ಕಡೆಯ ಯಾರೋ ಒಬ್ಬರು, ಸಂಜೆ ಹೊತ್ತು, ಒಬ್ಬ ಪರದೇಶಿಗೆ ಗೂಬೆ ತೋರಿಸಿ ಹೆದರಿಸಿದ್ದು ಖಂಡಿತ. ಆ ಹೆದರಿಕೆ ವೋಲ್ಗಾ ನದಿಯ ನಾಡಿಗೆ ಹೋಗಿ, ಅಲ್ಲಿನ ಚರಿತ್ರೆಯ ಗ್ರಂಥಗಳಲ್ಲಿ ಸೇರಿ, ಅಮೆರಿಕದ ಆ ಕೋಣೆಗೆ ಬಂದಿತ್ತು. ಅದನ್ನು ಗುರುತು ಹಿಡಿಯಲು ಅಲ್ಲಿ ಒಬ್ಬ ಕನ್ನಡದವನು ಕೂತಿರಬೇಕಾಯಿತು.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಕೋಣೆಯನ್ನು ಕಟ್ಟಿದವರ ಬಗ್ಗೆ.

ಆ ಸಂಘದ ಹೆಸರು ಸದರ್ನ್ ಕಾನ್ಫರೆನ್ಸ್ ಆನ್ ಸ್ಲಾವಿಕ್ ಸ್ಟಡೀಸ್. ಹೆಸರಿನಲ್ಲಿ ಕಾನ್ಫರೆನ್ಸ್ ಅಂತಿದ್ದರೂ ಅದೊಂದು ಸಂಘ. 1962ರಲ್ಲಿ ಶುರುವಾಯಿತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ರಷ್ಯಾ, ಪೂರ್ವ ಯುರೋಪು, ಮಧ್ಯ ಏಷ್ಯಾಗಳ ಇತಿಹಾಸ, ಭಾಷೆ, ಸಾಹಿತ್ಯ, ರಾಜಕೀಯ ಕಲಿಸುವವರೂ ಕಲಿಯುವವರೂ ಸೇರಿ ಮಾಡಿಕೊಂಡದ್ದು. ಆಸಕ್ತಿ ಇದ್ದವರು ಯಾರು ಬೇಕಾದರೂ ಸದಸ್ಯರಾಗಬಹುದು. ವರ್ಷಕ್ಕೊಮ್ಮೆ ವಸಂತದಲ್ಲಿ, ಒಂದೊಂದು ಸಲ ಒಂದೊಂದು ಊರಿನಲ್ಲಿ ಸೇರುತ್ತಾರೆ. ಇಂಥವು ಇನ್ನೂ ಇವೆ. ಅದೇ 1962ರಲ್ಲಿ ಮಿಸೌರಿ ಮತ್ತು ಕ್ಯಾನ್ಸಸ್, ಎರಡು ರಾಜ್ಯದವರು ಸೇರಿ ಒಂದು ಸಂಘ ಮಾಡಿಕೊಂಡರು. ಅದು ಈಗ ಸೆಂಟ್ರಲ್ ಸ್ಲಾವಿಕ್ ಕಾನ್ಫರೆನ್ಸ್. ಮಿಡ್‌ವೆಸ್ಟ್‌ನವರದ್ದು ಒಂದಿದೆ, ಪಶ್ಚಿಮದವರದ್ದು ಒಂದಿದೆ. ಇವಕ್ಕೆಲ್ಲ ಮೇಲೆ ದೇಶಕ್ಕೆ ಒಂದು ದೊಡ್ಡ ಸಂಘ ಇದೆ. 1948ರಲ್ಲಿ ಹುಟ್ಟಿದ್ದು. ಅದರ ಸಮ್ಮೇಳನಕ್ಕೆ ಸಾವಿರಾರು ಜನ ಬರುತ್ತಾರೆ.

ದೊಡ್ಡದು ಇದ್ದಮೇಲೆ ಚಿಕ್ಕದು ಯಾಕೆ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಹೀಗೆ ಯೋಚಿಸಿ. ಹಾರ್ವರ್ಡ್‌ನಲ್ಲಿ, ಕೊಲಂಬಿಯಾದಲ್ಲಿ ರಷ್ಯಾದ ಬಗ್ಗೆ ಓದುವವರು ಒಂದೇ ಕಟ್ಟಡದಲ್ಲಿ ಹತ್ತಾರು ಜನ ಇರುತ್ತಾರೆ. ಮಧ್ಯಾಹ್ನ ಊಟಕ್ಕೆ ಹೋದರೆ ಮಾತಾಡಲು ಜನ ಸಿಗುತ್ತಾರೆ. ಆದರೆ ಅಲಬಾಮಾದ ಒಂದು ಸಣ್ಣ ಕಾಲೇಜಿನಲ್ಲಿ? ಅಲ್ಲಿ ರಷ್ಯಾದ ಇತಿಹಾಸ ಗೊತ್ತಿರುವವರು ಒಬ್ಬರೇ. ಅವರೇ ಜರ್ಮನಿಯನ್ನೂ ಕಲಿಸಬೇಕು, ಫ್ರೆಂಚ್ ಕ್ರಾಂತಿಯನ್ನೂ ಕಲಿಸಬೇಕು. ವರ್ಷವಿಡೀ ತಮ್ಮ ವಿಷಯದ ಬಗ್ಗೆ ಒಬ್ಬರ ಜೊತೆ ಒಂದು ಮಾತೂ ಆಡದೆ ಇರುವವರು ಇದ್ದಾರೆ. ದೊಡ್ಡ ಸಮ್ಮೇಳನಕ್ಕೆ ಹೋಗಲು ವಿಮಾನದ ಖರ್ಚು, ಹೋಟೆಲ್ ಖರ್ಚು ಜಾಸ್ತಿ. ಸಣ್ಣ ಕಾಲೇಜು ಅಷ್ಟು ಕೊಡುವುದಿಲ್ಲ. ಪಕ್ಕದ ರಾಜ್ಯಕ್ಕಾದರೆ ಕಾರಿನಲ್ಲಿ ಹೋಗಬಹುದು. ಮೂವರು ಸೇರಿದರೆ ಪೆಟ್ರೋಲು ಹಂಚಿಕೊಳ್ಳಬಹುದು. ಹಾಗೆ ಆರು ಗಂಟೆ ಕಾರು ಓಡಿಸಿಕೊಂಡು ಬಂದವರೊಬ್ಬರು, ಕಾಫಿ ಮೇಜಿನ ಹತ್ತಿರ ನಿಂತು, ಇನ್ನೊಬ್ಬರ ತೋಳು ಹಿಡಿದುಕೊಂಡೇ ಅರ್ಧ ಗಂಟೆ 18ನೇ ಶತಮಾನದ ಉಪ್ಪಿನ ತೆರಿಗೆಯ ಬಗ್ಗೆ ಮಾತಾಡಿದ್ದನ್ನು ನಾನು ನೋಡಿದ್ದೇನೆ. ತೋಳು ಬಿಟ್ಟರೆ ಎಲ್ಲಿ ಹೊರಟುಹೋಗುತ್ತಾರೋ ಅನ್ನುವ ಹಾಗೆ.

ಇನ್ನೊಂದು ಕಾರಣ ವಿದ್ಯಾರ್ಥಿಗಳು. ಹೆಚ್ಚಿನವರು ಜೀವನದ ಮೊದಲ ಪ್ರಬಂಧ ಓದುವುದು ಇಂಥ ಕಡೆ. ಹನ್ನೊಂದು ಜನರ ಮುಂದೆ ನಡುಗುವುದು ಸಾವಿರ ಜನರ ಮುಂದೆ ನಡುಗುವುದಕ್ಕಿಂತ ಸುಲಭ ಅಲ್ವಾ?

ಈ ವಿದ್ಯೆಗೆ ಹಣ ಬಂದ ಕಥೆಯನ್ನೂ ಹೇಳಬೇಕು. ಅದು ಹೆದರಿಕೆಯ ಕಥೆ. ಎರಡನೇ ಮಹಾಯುದ್ಧಕ್ಕೆ ಮೊದಲು ಅಮೆರಿಕದಲ್ಲಿ ರಷ್ಯನ್ ಕಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು. ಯುದ್ಧ ಮುಗಿದು ಶೀತಲ ಸಮರ ಶುರುವಾಗುತ್ತಿದ್ದ ಹಾಗೆ, 1946ರಲ್ಲಿ ಕೊಲಂಬಿಯಾದಲ್ಲಿ, 1948ರಲ್ಲಿ ಹಾರ್ವರ್ಡ್‌ನಲ್ಲಿ ಕೇಂದ್ರಗಳು ಬಂದವು. 1957ರ ಅಕ್ಟೋಬರ್ 4ರಂದು ಸೋವಿಯತ್ತಿನವರು ಸ್ಪುಟ್ನಿಕ್ ಹಾರಿಸಿದರು. ಅಮೆರಿಕ ಬೆಚ್ಚಿಬಿತ್ತು. ಮರುವರ್ಷವೇ, 1958ರಲ್ಲಿ, ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಮಾಡಿದರು. ಆ ಹೆಸರನ್ನೇ ನೋಡಿ: ಶಿಕ್ಷಣದ ಕಾಯ್ದೆ, ಆದರೆ ಮುಂದೆ ರಕ್ಷಣೆ. ಅದರ ದುಡ್ಡಿನಲ್ಲಿ ರಷ್ಯನ್ ಭಾಷೆಯ ತರಗತಿಗಳು, ಲೈಬ್ರರಿಗಳು, ವಿದ್ಯಾರ್ಥಿವೇತನಗಳು ದೇಶದ ತುಂಬಾ ಹರಡಿದವು. ಹಾಗೆ ಕಲಿತವರು ಸಣ್ಣ ಊರುಗಳಿಗೆ ಕೆಲಸಕ್ಕೆ ಹೋದರು. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ವರ್ಷವೇ ಈ ಪ್ರಾದೇಶಿಕ ಸಂಘಗಳು ಹುಟ್ಟಿದ್ದು ಕಾಕತಾಳೀಯ ಇರಬಹುದು, ಆದರೆ ಆ ಕಾಲದ ಗಾಳಿ ಅಂಥದ್ದು.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. ಹೆದರಿಕೆ ಹೋಯಿತು. ಅದರ ಜೊತೆಗೆ ದುಡ್ಡೂ ಇಳಿಯಿತು. ಪ್ರೊಫೆಸರು ನಿವೃತ್ತರಾದರೆ ಅವರ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳದೆ ಬಿಟ್ಟ ಕಾಲೇಜುಗಳು ಎಷ್ಟೋ. ರಷ್ಯನ್ ತರಗತಿ ಮುಚ್ಚಿದ ಕಡೆಗಳು ಎಷ್ಟೋ. ಆಗ ಉಳಿದದ್ದು ಯಾವುದು? ವರ್ಷಕ್ಕೆ ಸ್ವಲ್ಪ ಚಂದಾ ಕೊಟ್ಟು ನಡೆಸುತ್ತಿದ್ದ ಇಂಥ ಸಂಘಗಳು. ಇವು ಹೆದರಿಕೆಯ ದುಡ್ಡಿನಿಂದ ಓಡುತ್ತಿರಲಿಲ್ಲ. ಯಾರೋ ಒಬ್ಬರು ಖಜಾಂಚಿ, ಯಾರೋ ಒಬ್ಬರು ಕಾರ್ಯದರ್ಶಿ, ತಮ್ಮ ಕೆಲಸದ ನಡುವೆ ಪುರುಸೊತ್ತು ಮಾಡಿಕೊಂಡು ಪತ್ರ ಬರೆದು, ಹೋಟೆಲಿನ ಜೊತೆ ಚೌಕಾಸಿ ಮಾಡಿ ನಡೆಸುತ್ತಿದ್ದರು.

ನಾನು ಹೋಗಿದ್ದ ದಕ್ಷಿಣದ ಆ ಸಂಘ ಹಿರಿಯರಿಗೆ ಕೊಡುವ ಒಂದು ಗೌರವ ರಿಚರ್ಡ್ ಸ್ಟೈಟ್ಸ್ ಹೆಸರಿನಲ್ಲಿದೆ. ಅವರು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಇತಿಹಾಸಕಾರರು. ರಷ್ಯಾದ ಹೆಂಗಸರ ಚಳವಳಿ, ಸಾಮಾನ್ಯ ಜನರ ಹಾಡು, ಸಿನಿಮಾ, ಕನಸುಗಳ ಬಗ್ಗೆ ಬರೆದವರು. ಬೇರೆಯವರು ಕ್ರೆಮ್ಲಿನ್ ಕಡೆ ನೋಡುತ್ತಿದ್ದಾಗ ಇವರು ಬೀದಿ ಕಡೆ ನೋಡಿದರು. ಅವರಿಗೆ ಹೆಲ್ಸಿಂಕಿ ಎರಡನೇ ಮನೆ. 2010ರಲ್ಲಿ ತೀರಿಕೊಂಡದ್ದೂ ಅಲ್ಲೇ. ಹೆಲ್ಸಿಂಕಿಯೇ ಯಾಕೆ ಅಂದರೆ, ಫಿನ್ಲೆಂಡ್ 1809ರಿಂದ 1917ರವರೆಗೆ ರಷ್ಯಾ ಸಾಮ್ರಾಜ್ಯದ ಭಾಗವಾಗಿತ್ತು. 1828ರಿಂದ ಸಾಮ್ರಾಜ್ಯದಲ್ಲಿ ಅಚ್ಚಾದ ಪುಸ್ತಕಗಳ ಒಂದೊಂದು ಪ್ರತಿ ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಗೆ ಬರುತ್ತಿತ್ತು. ಶೀತಲ ಸಮರದಲ್ಲಿ ಲೆನಿನ್‌ಗ್ರಾದಿನ ಬಾಗಿಲು ತೆರೆಯದೆ ಹೋದವರಿಗೆ ಹೆಲ್ಸಿಂಕಿಯ ಬಾಗಿಲು ತೆರೆದಿತ್ತು. ಯಾರೂ ಅಂದಾಜು ಮಾಡದ ಕಡೆ ಪುಸ್ತಕ ಉಳಿದಿರುತ್ತದೆ. ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ಲೈಬ್ರರಿಯಲ್ಲೂ ಹಾಗೇ. ಕ್ರಾಂತಿಯ ನಂತರ ದೇಶ ಬಿಟ್ಟ ರಷ್ಯನ್ನರ ಪುಸ್ತಕ, ಪತ್ರಿಕೆ, ಕಾಗದಪತ್ರಗಳನ್ನು ಪ್ಯಾರಿಸ್ಸಿನ ಪುಸ್ತಕ ವ್ಯಾಪಾರಿ ಆಂದ್ರೆ ಸವಿನ್ ಕೂಡಿಹಾಕಿದ್ದರು. ಅವರು ತೀರಿಕೊಂಡ ಮೇಲೆ ಆ ರಾಶಿ ಚಾಪೆಲ್ ಹಿಲ್‌ಗೆ ಬಂತು. ತಂಬಾಕು ಬೆಳೆಯುವ ಸೀಮೆಗೆ ದೇಶಭ್ರಷ್ಟರ ಪುಸ್ತಕಗಳು ಬಂದು ಸೇರಿದವು.

ಈಗ ಹೆಸರಿನ ವಿಷಯ. ಸ್ಲಾವಿಕ್ ಅಂದರೆ ಒಂದು ಭಾಷಾ ಕುಟುಂಬ. ರಷ್ಯನ್, ಉಕ್ರೇನಿಯನ್, ಪೋಲಿಷ್, ಚೆಕ್, ಬಲ್ಗೇರಿಯನ್ ಎಲ್ಲ ಅದರೊಳಗೆ. ನಮ್ಮಲ್ಲಿ ದ್ರಾವಿಡ ಅನ್ನುವ ಹಾಗೆ. ಆದರೆ ಹಂಗೇರಿಯವರು ಸ್ಲಾವರಲ್ಲ, ಎಸ್ಟೋನಿಯಾದವರಲ್ಲ, ಜಾರ್ಜಿಯಾದವರಲ್ಲ, ಉಜ್ಬೆಕರು, ಕಜಾಕರು ಮೊದಲೇ ಅಲ್ಲ. ಅವರನ್ನೆಲ್ಲ ಸ್ಲಾವಿಕ್ ಅಧ್ಯಯನ ಅನ್ನುವ ಒಂದೇ ಚೀಲಕ್ಕೆ ಹಾಕಿಟ್ಟಿದ್ದರು. ಮಾಸ್ಕೋ ಮಧ್ಯದಲ್ಲಿ, ಉಳಿದವರು ಅಂಚಿನಲ್ಲಿ. ದೇಶದ ದೊಡ್ಡ ಸಂಘ 2010ರಲ್ಲಿ ಹೆಸರು ಬದಲಾಯಿಸಿ ಪೂರ್ವ ಯುರೋಪು, ಯುರೇಷಿಯಾ ಎರಡನ್ನೂ ಸೇರಿಸಿಕೊಂಡಿತು. ಪಶ್ಚಿಮದ ಪ್ರಾದೇಶಿಕ ಸಂಘವೂ ಯುರೇಷಿಯಾ ಪದವನ್ನು ಹೆಸರಿಗೆ ಸೇರಿಸಿಕೊಂಡಿದೆ. ಯುರೇಷಿಯಾ ಅನ್ನುವ ಪದವೂ ಎಲ್ಲರಿಗೂ ಒಪ್ಪಿಗೆ ಇಲ್ಲ. ರಷ್ಯಾದ ಸಾಮ್ರಾಜ್ಯವಾದಿಗಳು ಅದನ್ನು ಬಳಸಿಕೊಂಡ ಇತಿಹಾಸ ಇದೆ. ಹೆಸರಿನ ಜಗಳ ಸುಮ್ನೆ ಹೆಸರಿನ ಜಗಳ ಅಲ್ಲ.

ಇದು ನನಗೆ ಅರ್ಥವಾದದ್ದು ಮತ್ತೆ ನಿಕಿತಿನ್‌ನಿಂದಲೇ. ಅವನ ಬರಹ ರಷ್ಯನ್‌ನಲ್ಲಿ ಶುರುವಾಗುತ್ತದೆ. ಆದರೆ ಮನಸ್ಸಿನ ಒಳಗಿನ ಮಾತು ಬಂದಾಗ ಅವನು ಭಾಷೆ ಬದಲಾಯಿಸುತ್ತಾನೆ. ಟರ್ಕಿಕ್, ಪಾರ್ಸಿ, ಅರಬ್ಬಿ ಬೆರೆತ ಒಂದು ಸಂತೆಯ ಭಾಷೆ, ಬರೆಯುವುದು ಮಾತ್ರ ರಷ್ಯನ್ ಲಿಪಿಯಲ್ಲಿ. ತನ್ನ ನಾಡನ್ನು ನೆನೆದು ಅಳುವ ಹಾಗೆ ಬರೆದ ಒಂದು ಸಾಲಿದೆ: "ಓಲ್ಲೋ ಸಕ್ಲಾ, ಖುದೋ ಸಕ್ಲಾ, ಬು ದೊನ್ಯಾದಾ..." ಅಲ್ಲಾ ಕಾಪಾಡಲಿ, ಖುದಾ ಕಾಪಾಡಲಿ, ಈ ದುನಿಯಾದಲ್ಲಿ ಅಂಥ ನಾಡು ಇನ್ನೊಂದಿಲ್ಲ. ಅದರ ಹಿಂದೆಯೇ ಬರೆಯುತ್ತಾನೆ: ಆದರೆ ರಷ್ಯಾ ನಾಡಿನ ಒಡೆಯರು ನ್ಯಾಯವಂತರಲ್ಲ. ಈ ಮಾತನ್ನು ರಷ್ಯನ್‌ನಲ್ಲಿ ಬರೆಯುವ ಧೈರ್ಯ ಅವನಿಗೆ ಇರಲಿಲ್ಲ ಅಂತ ಅನೇಕರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಬರಹದ ಕೊನೆಯ ಪುಟವಂತೂ ಪೂರ್ತಿ ದೇವರ ಅರಬ್ಬಿ ಹೆಸರುಗಳ ಪ್ರಾರ್ಥನೆ.

ರಷ್ಯನ್ ಸಾಹಿತ್ಯದ ಈ ಹಳೆಯ ಕೃತಿಯನ್ನು ರಷ್ಯನ್ ಒಂದೇ ಗೊತ್ತಿದ್ದವರು ಓದಲಾರರು. ಖುದಾ, ದುನಿಯಾ ಎರಡೂ ಪದ ಈ ಸಭೆಯಲ್ಲಿ ಯಾರಿಗೂ ಹೊಸದಲ್ಲ. ಕಲಬುರಗಿಯ ಆಟೋದವರಿಗೆ ಗೊತ್ತಿರುವ ಪದ ಒಬ್ಬ ಸ್ಲಾವಿಕ್ ಪಂಡಿತರಿಗೆ ನಿಘಂಟು ನೋಡಿದರೆ ಸಿಗುವ ಪದ. ಆ ಹೋಟೆಲಿನಲ್ಲಿ ನನ್ನ ಮುಂದೆ ಕೂತಿದ್ದವರಲ್ಲಿ ಒಬ್ಬರು ತಾತಾರ್ ಭಾಷೆ ಓದಿದವರು, ಒಬ್ಬರು ಪಾರ್ಸಿ. ಅರ್ಧ ಗಂಟೆಯಲ್ಲಿ ಎಲ್ಲರೂ ಸೇರಿ ಆ ಸಾಲನ್ನು ಒಂದೊಂದೇ ಪದ ಬಿಡಿಸಿ ನೋಡಿದೆವು. ಅಧ್ಯಕ್ಷೆ ಚೀಟಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟುಬಿಟ್ಟಿದ್ದರು.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದಲ್ಲಿ ದಾಳಿ ಮಾಡಿತು. ಈ ವಿದ್ಯೆಯ ಲೋಕ ಅಲ್ಲಾಡಿಹೋಯಿತು. ರಷ್ಯಾದ ದಾಖಲೆ ಮನೆಗಳು ಪಶ್ಚಿಮದವರಿಗೆ ಹೆಚ್ಚು ಕಡಿಮೆ ದೂರವಾದವು. ಎಷ್ಟೋ ಸಂಶೋಧಕರು ತಿಬಿಲಿಸಿ, ರೀಗಾ, ಅಲ್ಮಾಟಿಗಳ ಕಡೆ ತಿರುಗಿದರು. ಅಲ್ಲಿ ಹೋದಾಗ ಮಾಸ್ಕೋದಿಂದ ಕಾಣುವ ಇತಿಹಾಸ ಬೇರೆ, ತಿಬಿಲಿಸಿಯಿಂದ ಕಾಣುವುದೇ ಬೇರೆ ಅಂತ ಗೊತ್ತಾಯಿತು. 2023ರಲ್ಲಿ ದೊಡ್ಡ ಸಂಘ ತನ್ನ ಸಮ್ಮೇಳನಕ್ಕೆ ವಸಾಹತು ಮನಸ್ಸನ್ನು ಕಳಚುವುದನ್ನೇ ವಿಷಯವಾಗಿ ಇಟ್ಟುಕೊಂಡಿತು. ತಡವಾಯಿತು, ಆದರೂ ಒಳ್ಳೆಯದಾಯಿತು ಅನ್ನುತ್ತೇನೆ ನಾನು.

ನಮಗೂ ಆ ಯುದ್ಧ ದೂರದ್ದಾಗಿರಲಿಲ್ಲ. ನಮ್ಮ ರಾಜ್ಯದ ನೂರಾರು ಮಕ್ಕಳು ಅಲ್ಲಿ ಡಾಕ್ಟರು ಓದುತ್ತಿದ್ದರು. ಖಾರ್ಕಿವ್‌ನಲ್ಲಿ ನಮ್ಮ ಹುಡುಗನೊಬ್ಬ ಸತ್ತ. ಆ ವಾರ ನಾನು ರಜೆಗೆ ಊರಿಗೆ ಬಂದಿದ್ದೆ, ಟಿವಿ ಮುಂದಿಂದ ಏಳಲು ಆಗುತ್ತಿರಲಿಲ್ಲ. ಖಾರ್ಕೊವ್ ಅನ್ನುವುದು ರಷ್ಯನ್ ಉಚ್ಚಾರ, ಖಾರ್ಕಿವ್ ಅನ್ನುವುದು ಉಕ್ರೇನಿಯನ್ ಉಚ್ಚಾರ, ಅವು ಎರಡು ಬೇರೆ ಭಾಷೆ ಅಂತ ಹೇಳುವವರು ನಾನು ನೋಡಿದ ಒಂದು ಚರ್ಚೆಯಲ್ಲೂ ಇರಲಿಲ್ಲ. ಮಕ್ಕಳನ್ನು ಅಲ್ಲಿಗೆ ಕಳಿಸಿದ ತಂದೆತಾಯಿಗಳಿಗೆ ಆ ನಾಡು ಎಂಥದ್ದು ಅಂತ ಕನ್ನಡದಲ್ಲಿ ತಿಳಿಸಿ ಹೇಳಲು ಜನ ಇರಲಿಲ್ಲ. ಬಾಯಾರಿದಾಗ ಬಾವಿ ತೋಡಲು ಹೊರಟ ಹಾಗಾಗಿತ್ತು.

ಇದು ನನಗೆ ಜಾಸ್ತಿ ನೋವು ಕೊಡುವುದು ಯಾಕೆಂದರೆ, ಆ ಕಡೆಯ ಪುಸ್ತಕಗಳನ್ನು ನಮ್ಮಷ್ಟು ಪ್ರೀತಿಯಿಂದ ಓದಿದವರು ಕಡಿಮೆ. ಮಾಸ್ಕೋದಲ್ಲೇ ಕನ್ನಡದಲ್ಲಿ ಅಚ್ಚಾಗಿ ಬರುತ್ತಿದ್ದ ಪುಸ್ತಕಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಪ್ರಗತಿ, ರಾದುಗ ಪ್ರಕಾಶನದವು. ನವಕರ್ನಾಟಕದ ಮಳಿಗೆಗೆ ಹೋದರೆ ಸಿಗುತ್ತಿದ್ದವು. ಗಟ್ಟಿ ರಟ್ಟು, ದಪ್ಪ ಕಾಗದ, ಬಣ್ಣದ ಚಿತ್ರ, ಜೇಬಿಗೆ ಎಟುಕುವ ಬೆಲೆ. ನಮ್ಮ ಮನೆಯಲ್ಲಿದ್ದ ಮಕ್ಕಳ ಕಥೆಯ ಪುಸ್ತಕಕ್ಕೆ ಒಂದು ವಿಚಿತ್ರ ಅಂಟಿನ ವಾಸನೆ ಇತ್ತು. ಇವತ್ತಿಗೂ ಆ ವಾಸನೆ ಬಂದರೆ ನನಗೆ ಹಿಮ ನೆನಪಾಗುತ್ತದೆ, ಹಿಮ ನೋಡುವ ಮೊದಲೇ ನೆನಪಿದ್ದ ಹಿಮ. 1991ರಲ್ಲಿ ಕಳಿಸುವ ದೇಶವೇ ಇಲ್ಲವಾಯಿತು, ಪುಸ್ತಕ ಬರುವುದು ನಿಂತಿತು. ಅಮೆರಿಕದಲ್ಲಿ ಹೆದರಿಕೆಯ ದುಡ್ಡು ನಿಂತ ಹಾಗೆ ನಮ್ಮಲ್ಲಿ ಸ್ನೇಹದ ದುಡ್ಡು ನಿಂತಿತು. ಅಲ್ಲಿ ಚಂದಾ ಎತ್ತಿ ನಡೆಸುವ ಸಂಘ ಮೊದಲೇ ಇತ್ತು. ನಾವು ಓದಿದೆವು, ಅತ್ತೆವು, ಮಕ್ಕಳಿಗೆ ರಷ್ಯನ್ ಹೆಸರನ್ನೂ ಇಟ್ಟೆವು. ಆದರೆ ಸೇರಿ ಕೂತು ಆ ನಾಡಿನ ಬಗ್ಗೆ ವರ್ಷಕ್ಕೊಮ್ಮೆ ಮಾತಾಡುವ ಒಂದು ಜಾಗ ಮಾಡಿಕೊಳ್ಳಲಿಲ್ಲ.

ನಮ್ಮ ಹತ್ತಿರ ಇರುವುದು ಏನು ಕಡಿಮೆ? ನಿಕಿತಿನ್ ತನ್ನ ಕುದುರೆಯನ್ನು ಬೀದರ್‌ನಲ್ಲಿ ಮಾರಿದ. ಅದಕ್ಕೂ ಮೊದಲು, ಈಗಿನ ಮಹಾರಾಷ್ಟ್ರದ ಜುನ್ನಾರದಲ್ಲಿ ಅದೇ ಕುದುರೆಯನ್ನು ಅಲ್ಲಿನ ಖಾನ ಕಿತ್ತುಕೊಂಡು, ಮತ ಬದಲಾಯಿಸಿದರೆ ಕೊಡುತ್ತೇನೆ ಅಂದಿದ್ದ. ಖುರಾಸಾನಿನ ಒಬ್ಬ ಮುಸಲ್ಮಾನ ನಡುವೆ ಬಂದು ಬಿಡಿಸಿಕೊಟ್ಟಿದ್ದ. ಬೀದರ್ ಅರಮನೆಗೆ ಏಳು ಬಾಗಿಲು, ಒಂದೊಂದರಲ್ಲೂ ನೂರು ಕಾವಲುಗಾರರು, ನೂರು ಬರಹಗಾರರು, ಒಳಗೆ ಹೋಗುವವರನ್ನು ಕೆಲವರು ಬರೆದುಕೊಳ್ಳುತ್ತಾರೆ, ಹೊರಗೆ ಬರುವವರನ್ನು ಕೆಲವರು, ಅಂತ ಬರೆದಿದ್ದಾನೆ. ದಾರಿಯಲ್ಲಿ ಅವನ ಪುಸ್ತಕಗಳು ಲೂಟಿಯಾಗಿದ್ದವು. ಹಾಗಾಗಿ ಈಸ್ಟರ್ ಯಾವ ದಿನ ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ. ಆಕಾಶದ ನಕ್ಷತ್ರ ನೋಡಿ ಅಂದಾಜು ಮಾಡುತ್ತಿದ್ದ, ರಂಜಾನಿನ ಉಪವಾಸವನ್ನು ಮುಸಲ್ಮಾನರ ಜೊತೆ ಮಾಡಿದ. ಈ ಒಬ್ಬ ಮನುಷ್ಯನ ಮೇಲೆಯೇ ಇಲ್ಲಿ ಹತ್ತು ವರ್ಷ ಮಾತಾಡಬಹುದು. ಬೀದರ್‌ನ ಕಲ್ಲು ಗೊತ್ತಿದ್ದವರು, ದಖನಿ ಗೊತ್ತಿದ್ದವರು, ಪಾರ್ಸಿ ಗೊತ್ತಿದ್ದವರು, ಖಾರ್ಕಿವ್‌ನಿಂದ ವಾಪಸು ಬಂದ ಡಾಕ್ಟರುಗಳು, ಎಲ್ಲರಿಗೂ ಆ ಮೇಜಿನಲ್ಲಿ ಜಾಗ ಇದೆ.

ಈ ಕಾಲೇಜಿನವರು ಫೆಬ್ರವರಿಯಲ್ಲಿ ಒಂದು ಶನಿವಾರ ಲೈಬ್ರರಿಯ ಮೇಲಿನ ಕೋಣೆ ಕೊಡುತ್ತೇವೆ ಅಂದಿದ್ದಾರೆ. ಮೈಕು ಬೇಡ, ಹಾರ ಬೇಡ. ಮೂರು ಪ್ರಬಂಧ, ತಲಾ 20 ನಿಮಿಷ. ಬುತ್ತಿ ನೀವೇ ತನ್ನಿ. ನಿಕಿತಿನ್ ಬರೆದ ಆ ಆಳಂದದ ಪುಟದ ಕನ್ನಡ ಅನುವಾದವನ್ನು ನಾನು ಓದುತ್ತೇನೆ. ಅದಕ್ಕೆ ಮೊದಲು ನನಗೆ ಒಂದು ಸಹಾಯ ಬೇಕು. ಗೂಗಿ ಕೂತರೆ ಕೆಟ್ಟದ್ದು ಅನ್ನುವ ಮಾತು ನಮ್ಮಜ್ಜಿ ಹೇಳುತ್ತಿದ್ದರು. ಆದರೆ ಅದರ ಬಾಯಿಂದ ಬೆಂಕಿ ಬರುತ್ತದೆ ಅನ್ನುವುದನ್ನು ನಾನು ಯಾರ ಬಾಯಿಂದಲೂ ಕೇಳಿಲ್ಲ. ಇಲ್ಲಿ ಆಳಂದದವರು ಯಾರಿದ್ದೀರಿ? ನಿಮ್ಮ ಮನೆಯ ಹಿರಿಯರು ಹಾಗೆ ಹೇಳಿದ್ದು ನೆನಪಿದೆಯಾ?